ಪೂಜೆಯ ಸಾಲಿನಲ್ಲಿ ಪಾದರಸ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ತಾಲ್ಲೂಕುಗಳ ಸುದ್ದಿ ಬರೆಯುತ್ತಲೇ ನನ್ನ ತಲೆ ಬೆಳ್ಳಗಾಯಿತು. ಆಸ್ಪತ್ರೆಗಳಿಗೆ ಹೋಗುತ್ತಿದ್ದುದು ಅಪಘಾತವಾದಾಗ, ಇಲ್ಲವೇ ಯಾರಾದರೂ ಏನನ್ನಾದರೂ ಉದ್ಘಾಟಿಸುವಾಗ. ಅಲ್ಲಿನ ಬೆಂಚಿನ ಮೇಲೆ ಕಾಯುವವನಾಗಿ ದಿನಗಟ್ಟಲೆ ಕುಳಿತದ್ದು ಮಗಳ ಹೆರಿಗೆಯ ಸಮಯದಲ್ಲಿ ಮಾತ್ರ. ಅದು ಯಾವ ಊರಿನ ಆಸ್ಪತ್ರೆ ಎಂಬುದು ಇಲ್ಲಿ ಬೇಕಿಲ್ಲ.

ಮಗು ದಿನ ತುಂಬುವ ಮುಂಚೆಯೇ ಹುಟ್ಟಿತ್ತು. ಹೆಣ್ಣು. ನನ್ನ ಅಂಗೈಗಿಂತ ಸ್ವಲ್ಪ ಉದ್ದ. ಅದನ್ನು ನವಜಾತ ಶಿಶುಗಳ ಕೋಣೆಯಲ್ಲಿ, ಮೇಲಿನಿಂದ ಕಾವು ಕೊಡುವ ಯಂತ್ರದ ಕೆಳಗೆ ಮಲಗಿಸಿದ್ದರು. ವಾರ್ಮರ್ ಎನ್ನುತ್ತಾರೆ. ಡಾಕ್ಟರು ಮಗಳಿಗೆ ಒಂದೇ ಮಾತು ಹೇಳಿದ್ದರು: "ಮೈ ಬಿಸಿ ಅದು ತಾನಾಗೇ ಉಳಿಸ್ಕೊಳ್ಳೋ ತನಕ ತುಂಬಾ ಹುಷಾರಾಗಿರ್ಬೇಕಮ್ಮ. ತಣ್ಣಗಾದ್ರೆ ಕಷ್ಟ." ಆಮೇಲೆ ಮಗಳು ಬೇರೇನನ್ನೂ ಕೇಳಿಸಿಕೊಳ್ಳಲಿಲ್ಲ. ಅಳಿಯ ಹೋಳೂರಿನ ಕಡೆಯವನು. ಮನೆಯಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದವು. ಅವನು ಬೆಳಿಗ್ಗೆ ಬಂದು ಗಾಜಿನಾಚೆಯಿಂದ ನೋಡಿ ಓಡುತ್ತಿದ್ದ. ಉಳಿದ ಹೊತ್ತೆಲ್ಲ ನಾನು.

ಆಸ್ಪತ್ರೆ ಆ ವರ್ಷ ಕರೆಂಟು ಉಳಿಸಲು ಹೊರಟಿತ್ತು. ಹಳೆಯ ಟ್ಯೂಬ್‌ಲೈಟುಗಳನ್ನು ತೆಗೆದು ಎಲ್‌ಇಡಿ ಹಾಕಿದ್ದರು. ಓಣಿಯ ದೀಪಗಳಿಗೆ ಸೆನ್ಸರ್ ಕೂರಿಸಿದ್ದರು. ಯಾರಾದರೂ ಅಲುಗಾಡಿದರೆ ಹೊತ್ತಿಕೊಳ್ಳುತ್ತಿದ್ದವು, ಇಲ್ಲವಾದರೆ ಆರುತ್ತಿದ್ದವು. ಓಡಾಡುವವರಿಗೆ ಇದು ಸರಿ. ಬೆಂಚಿನ ಮೇಲೆ ಕಾಯುವವರು ಅಲುಗಾಡುವುದಿಲ್ಲ. ಕತ್ತಲಾದಾಗಲೆಲ್ಲ ನಮ್ಮಲ್ಲಿ ಒಬ್ಬರು ಕೈ ಎತ್ತಿ ಬೀಸಬೇಕಿತ್ತು. ಕೂಸುಗಳ ಕೋಣೆಗೂ ಅದರ ಮುಂದಿನ ನರ್ಸುಗಳ ಜಾಗಕ್ಕೂ ಸೇರಿ ಒಂದೇ ಎ.ಸಿ. ನಡುವಿನ ಗಾಜಿನ ಗೋಡೆ ಚಾವಣಿ ಮುಟ್ಟುತ್ತಿರಲಿಲ್ಲ. ಗಾಳಿ ಸೋರದಿರಲೆಂದು ಕಿಟಕಿಗಳಿಗೆಲ್ಲ ಸ್ಕ್ರೂ ಹೊಡೆದು ಬಿಗಿದಿದ್ದರು. ಪಾದರಸದ ಥರ್ಮಾಮೀಟರು, ಬಿ.ಪಿ. ನೋಡುವ ಹಳೆಯ ಪೆಟ್ಟಿಗೆಗಳು ಎಲ್ಲವನ್ನೂ ಪ್ಲಾಸ್ಟಿಕ್ ಡಬ್ಬಕ್ಕೆ ತುಂಬಿ, ಮುಚ್ಚಳಕ್ಕೆ ಟೇಪು ಸುತ್ತಿ, ವಿಷದ ಕಸ ಒಯ್ಯುವವರಿಗಾಗಿ ಉಗ್ರಾಣದಲ್ಲಿ ಇಟ್ಟಿದ್ದರು. ಇದನ್ನೆಲ್ಲ ನಾನೇ ಒಂದು ಕಾಲಂ ಸುದ್ದಿ ಮಾಡಿದ್ದೆ.

ಆಯುಧಪೂಜೆಯ ದಿನ ಮಧ್ಯಾಹ್ನ ನರ್ಸುಗಳ ಜಾಗದಲ್ಲಿ ಪೂಜೆಗೆ ಅಣಿಯಾಗಿತ್ತು. ನನ್ನನ್ನೂ ಕರೆದಿದ್ದರು. ಒಂದು ಉದ್ದ ಮೇಜಿನ ಮೇಲೆ ಕತ್ತರಿ, ಇಕ್ಕಳ, ಸ್ಟೆತಾಸ್ಕೋಪು, ಆಂಬುಲೆನ್ಸಿನ ಬೀಗದ ಕೈ, ಎಲೆಕ್ಟ್ರಿಷಿಯನ್ನನ ಸ್ಕ್ರೂಡ್ರೈವರು ಮತ್ತು ಟೆಸ್ಟರು. ಎಲ್ಲಕ್ಕೂ ಅರಿಶಿನ, ಕುಂಕುಮ, ಕ್ಯಾಲನೂರಿನ ತೋಟದಿಂದ ಬಂದ ಚೆಂಡುಹೂವು. ಪಕ್ಕದಲ್ಲಿ ಬುಟ್ಟಿ ತುಂಬ ಕಡ್ಲೆಪುರಿ. ಎಲೆಕ್ಟ್ರಿಷಿಯನ್ ತನ್ನ ಸಾಮಾನನ್ನು ಬೆಳಿಗ್ಗೆಯೇ ಇಟ್ಟು ಊರಿಗೆ ಹೋಗಿದ್ದ. ಸಾಲಿನ ಕೊನೆಯಲ್ಲಿ ಪಾದರಸದ ಒಂದು ಬಿ.ಪಿ. ಪೆಟ್ಟಿಗೆ ಬಾಯಿ ತೆರೆದು ನಿಂತಿತ್ತು.

ಹಿರಿಯ ನರ್ಸ್ ಅದನ್ನು ನೋಡಿದರು. ಎರಡು ಪಾಳಿ ಒಟ್ಟಿಗೆ ಮಾಡಿ ಕಣ್ಣು ಕೆಂಪಾಗಿದ್ದವು. "ಇದು ಯಾಕೆ ಈಚೆ ಬಂತು? ಟೇಪು ಸುತ್ತಿಟ್ಟಿದ್ದಲ್ವಾ?"

ಆಯಾ ಮುಳಬಾಗಿಲಿನ ಗಡಿಯವಳು, ಮನೆಮಾತು ತೆಲುಗು. "ಇಷ್ಟ್ ವರ್ಷ ದುಡ್ದಿದೆ ಸಿಸ್ಟರಮ್ಮಾ. ಕೊನೇ ಸಲ ಒಂದ್ ಬೊಟ್ಟು ಕುಂಕುಮ ಇಡ್ದೆ ಕಳ್ಸಕ್ಕಾಗುತ್ತಾ? ಹಸ ಮಾರ್ದಾಗ್ಲೂ ಇಟ್ಟೇ ಕಳಿಸ್ತೀವಿ ಕದಾ."

"ಹಂಗೇ ಪೆನ್ಷನ್ನೂ ಕೊಡಿಸ್ಬಿಡು ಆಯಮ್ಮ," ಎಂದ ಆಂಬುಲೆನ್ಸ್ ಡ್ರೈವರು. "ನನ್ ಗಾಡಿಗೆ ತಂದ ಹೂವೆಲ್ಲ ಅದಕ್ಕೇ ಸುತ್ತಿದ್ದೀಯ."

"ನೋರು ಮುಯ್ಯಿ, ಬಾಯ್ಮುಚ್ಚು! ನಿನ್ ಗಾಡಿಗೆ ನಿಂಬೆಹಣ್ಣು ಸಾಕು."

ಹಿರಿಯ ನರ್ಸ್ ವಾದಕ್ಕೆ ನಿಲ್ಲಲಿಲ್ಲ. "ಬೇಗ ಮುಗಿಸಿ ಒಳಗಿಡು" ಎಂದು ಕುರ್ಚಿಗೆ ಒರಗಿದರು. ಆಯಾಸವಾದವರು ಬಿಟ್ಟುಕೊಡುವ ರೀತಿ ಅದು. ನನಗದು ಚೆನ್ನಾಗಿ ಗೊತ್ತು. ಸಂಜೆಯ ಸುದ್ದಿ ಕಳಿಸುವ ಹೊತ್ತಿನಲ್ಲಿ ನಾನೂ ಹಾಗೆ ಎಷ್ಟೋ ಬಿಟ್ಟುಕೊಟ್ಟಿದ್ದೇನೆ.

ಡ್ರೈವರು ಬೂದಗುಂಬಳದ ಮೇಲೆ ಕರ್ಪೂರ ಹಚ್ಚಿ ಮೇಲೆತ್ತುವಾಗ ಅವನ ಸೊಂಟ ಮೇಜಿಗೆ ತಾಗಿತು. ಹೂವಿನ ಭಾರಕ್ಕೆ ಮೊದಲೇ ವಾಲಿದ್ದ ಪೆಟ್ಟಿಗೆ ಉರುಳಿ ಕೆಳಗೆ ಬಿತ್ತು, ಒಳಗಿನ ಗಾಜಿನ ಕೊಳವೆ ಒಡೆಯಿತು. ಪುರಿಯ ಬುಟ್ಟಿಯೂ ಅದರ ಹಿಂದೆಯೇ ಮಗುಚಿತು. ಪಾದರಸ ಸಣ್ಣ ಸಣ್ಣ ಗುಂಡುಗಳಾಗಿ ಪುರಿಯ ನಡುವೆ ಓಡಿ, ಕೆಲವು ಕೂಸುಗಳ ಕೋಣೆಯ ಬಾಗಿಲ ಸಂದಿಯವರೆಗೂ ಹೋದವು.

ಆಯಾ ಪೊರಕೆ ಹಿಡಿದಳು.

"ಪೊರಕೆ ಬೇಡ!" ಹಿರಿಯ ನರ್ಸ್ ಎದ್ದು ನಿಂತಿದ್ದರು. "ಗುಡಿಸಿದ್ರೆ ಇನ್ನೂ ಚೂರಾಗುತ್ತೆ. ಯಾರೂ ತುಳೀಬೇಡಿ. ಕರ್ಪೂರ ಆರ್ಸೋ ಮೊದ್ಲು. ಎ.ಸಿ. ಆಫ್ ಮಾಡಿ. ಇದರ ಆವಿ ಕಣ್ಣಿಗೆ ಕಾಣಲ್ಲ, ಒಳಗೆ ಕೂಸುಗಳಿವೆ."

ಒಳಗೆ ಎರಡು ಕೂಸುಗಳಿದ್ದವು. ಒಂದು ನಮ್ಮದು. ಅವರು ಡಾಕ್ಟರಿಗೆ ಫೋನ್ ಮಾಡಿ ನಾಲ್ಕು ಮಾತಾಡಿ ಇಟ್ಟರು. ತಾಯಂದಿರನ್ನು ಹಿಂಬಾಗಿಲಿನಿಂದ ಒಳಗೆ ಕರೆದರು. ಮಗಳು ಗೋಡೆ ಹಿಡಿದುಕೊಂಡು ಬಂದಳು.

"ಈಚೆ ತೆಗೀತೀರಾ? ತಣ್ಣಗಾದ್ರೆ ಕಷ್ಟ ಅಂದಿದ್ರಲ್ಲ ಸಿಸ್ಟರ್?"

"ತಣ್ಣಗಾಗಕ್ಕೆ ನೀನು ಬಿಡಬಾರ್ದು. ಇಲ್ಲಿ ಇಡೋ ಹಾಗಿಲ್ಲ ಕಣಮ್ಮ. ರವಿಕೆ ಬಿಚ್ಚಿ ಎದೆಗೆ ಹಾಕ್ಕೋ, ಮೈಗೆ ಮೈ ತಾಗ್ಬೇಕು. ಈಗ ನೀನೇ ವಾರ್ಮರ್."

ನಾನು ಮುಖ ತಿರುಗಿಸಿ ನಿಂತೆ. ಟೋಪಿ ಹಾಕಿದ ಕೂಸನ್ನು ಎದೆಗೆ ಒತ್ತಿ, ಮೇಲೊಂದು ಬಟ್ಟೆ ಬಿಗಿದು, ಅದರ ಮೇಲೆ ಶಾಲು ಹೊದೆಸಿ ಮಗಳನ್ನು ಬಾಣಂತಿಯರ ವಾರ್ಡಿಗೆ ನಡೆಸಿದರು. ಇನ್ನೊಬ್ಬ ತಾಯಿಯೂ ಹಾಗೆಯೇ ಹೋದಳು. ನನ್ನನ್ನು ದಾಟುವಾಗ ಮಗಳು "ಅಪ್ಪ" ಎಂದು ಹಾಗೇ ನಡೆದಳು.

ಅಷ್ಟಕ್ಕೆ ಮುಗಿಯಲಿಲ್ಲ. ಆವಿ ಹೊರಗೆ ಹೋಗದಿದ್ದರೆ ಆ ಕೋಣೆಗೆ ಕೂಸುಗಳನ್ನು ವಾಪಸು ತರುವಂತಿರಲಿಲ್ಲ. ಇದ್ದವು ಗೋಡೆಗೆ ಬಿಗಿದಿದ್ದವು, ಬೇರೆ ವಾರ್ಮರ್ ಆಸ್ಪತ್ರೆಯಲ್ಲಿ ಇರಲಿಲ್ಲ. ಕಿಟಕಿ ತೆರೆಯಬೇಕಿತ್ತು. ಕಿಟಕಿಗೆ ಸ್ಕ್ರೂ. ಸ್ಕ್ರೂಡ್ರೈವರು ಮೇಜಿನ ಮೇಲೆ, ಕುಂಕುಮ ಹಚ್ಚಿಕೊಂಡು ಹೂವಿನ ಕೆಳಗೆ ಮಲಗಿತ್ತು.

"ತೆಗಿಯೋ," ಎಂದರು ಹಿರಿಯ ನರ್ಸ್.

ಡ್ರೈವರು ಹಿಂದೆ ಸರಿದ. "ಪೂಜೆಗಿಟ್ಟಿದ್ದು ಸಿಸ್ಟರ್. ನಾಳೆ ಪೂಜೆ ಎತ್ತೋವರ್ಗೂ ಮುಟ್ಟಂಗಿಲ್ಲ. ಎಲೆಕ್ಟ್ರಿಷಿಯನ್ ಬೇರೆ ಹೇಳಿ ಹೋಗವ್ನೆ. ಅಂಗಡೀಲಿ ಒಂದು ತಂದ್ಬಿಡ್ತೀನಿ."

"ಇವತ್ತು ಯಾವ ಅಂಗಡಿಯವ್ನು ತೆಗೆದಿರ್ತಾನೆ?"

ಅವನು ಕೈಗಳನ್ನು ಹಿಂದೆ ಕಟ್ಟಿಕೊಂಡ. ಅವನನ್ನು ಬೈಯುವ ಯೋಗ್ಯತೆ ನನಗೂ ಇರಲಿಲ್ಲ. ಆ ದಿನ ನಮ್ಮ ತಂದೆ ಗುದ್ದಲಿ ಮುಟ್ಟುತ್ತಿರಲಿಲ್ಲ. ನಮ್ಮ ಕಚೇರಿಯಲ್ಲಿ ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಹೂವಿಟ್ಟು ಕೈಕಟ್ಟಿ ಕೂರುತ್ತೇವೆ, ಮರುದಿನ ಪತ್ರಿಕೆಯೇ ಇರುವುದಿಲ್ಲ. ಮೊಮ್ಮಗಳು ಪಕ್ಕದ ವಾರ್ಡಿನಲ್ಲಿ ತಣ್ಣಗಾಗುತ್ತಿರಬಹುದು ಎಂದು ಗೊತ್ತಿದ್ದೂ ನನ್ನ ಕೈ ಒಂದು ಕ್ಷಣ ಮುಂದೆ ಹೋಗಲಿಲ್ಲ.

ಮುಂದೆ ಬಂದದ್ದು ಆಯಾ. ಅವಳ ಕೆನ್ನೆ ಒದ್ದೆಯಾಗಿತ್ತು. ಹೂವು ಸರಿಸಿ ಸ್ಕ್ರೂಡ್ರೈವರು ಎತ್ತಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಡ್ರೈವರನ ಕೈಗೆ ತುರುಕಿದಳು. "ಪೆಟ್ಟಿಗೆ ಈಚೆ ತಂದಿದ್ದು ನಾನು. ದೇವುಡು ಕೇಳಿದ್ರೆ ನನ್ನ ಕೇಳ್ಲಿ. ಬಿಚ್ಚೋ ನೀನು."

ಅವನು ಬಿಚ್ಚಿದ. ಕುಂಕುಮ ಅವನ ಬೆರಳಿಗೆ ಅಂಟಿ, ಅಲ್ಲಿಂದ ಕಿಟಕಿಯ ಚೌಕಟ್ಟಿಗೆ ಅಂಟಿತು. ಹೊರಗಿನ ಗಾಳಿ ಒಳಗೆ ಬಂತು. ಹಿರಿಯ ನರ್ಸ್ ಮೊಣಕಾಲೂರಿ ಕುಳಿತು, ಹಳೆಯ ಎಕ್ಸ್‌ರೇ ಹಾಳೆಯ ತುಂಡಿನಿಂದ ಗುಂಡುಗಳನ್ನು ಒಂದೆಡೆ ತಳ್ಳಿ, ಸೂಜಿಯಿಲ್ಲದ ಸಿರಿಂಜಿನಿಂದ ಎಳೆದು, ನೀರಿದ್ದ ಬಾಟಲಿಗೆ ಬಿಡುತ್ತಾ ಹೋದರು. ನಾನು ಟಾರ್ಚು ಹಿಡಿದೆ. ನೆಲದ ಮಟ್ಟಕ್ಕೆ ಹಿಡಿದರೆ ಮಾತ್ರ ಅವು ಹೊಳೆಯುತ್ತವೆ. ಕಪಾಟಿನ ಕೆಳಗೆ, ಟೈಲ್ಸಿನ ಸಂದಿಯಲ್ಲಿ, ಮುಗಿಯಿತು ಎಂದುಕೊಂಡಲ್ಲೆಲ್ಲ ಇನ್ನೊಂದು ಇತ್ತು. ಪುರಿಯನ್ನೂ ಹೂವನ್ನೂ ಸೇರಿಸಿ ಚೀಲಕ್ಕೆ ಕಟ್ಟಿ ಪಾದರಸದ ಡಬ್ಬಕ್ಕೇ ಹಾಕಿದರು.

"ಬರೀತೀರಾ ಸಾರ್?" ಎಂದು ತಲೆ ಎತ್ತದೆ ಕೇಳಿದರು.

"ಬರೀತೀನಿ."

"ಬರೀರಿ. ಅವಳ ಹೆಸರು ಬೇಡ. ಕಿಟಕಿಗೆ ಸ್ಕ್ರೂ ಬೇಡ, ಚಿಲಕ ಹಾಕ್ಸಿ ಅಂತ ಬರೀರಿ. ನಾನು ಹೇಳಿ ಹೇಳಿ ಸಾಕಾಗಿದೆ."

ಹೊತ್ತು ಮುಳುಗುವಾಗ ಅವರು ಕೈ ತೊಳೆದು, ಬಟ್ಟೆ ಬದಲಿಸಿ ವಾರ್ಡಿಗೆ ಬಂದರು. ಮಗಳು ದಿಂಬಿಗೆ ಒರಗಿ ಹಾಗೆಯೇ ಕುಳಿತಿದ್ದಳು, ಅಷ್ಟು ಹೊತ್ತೂ ಮಗ್ಗುಲು ಬದಲಿಸಿರಲಿಲ್ಲ. ಹಿರಿಯ ನರ್ಸ್ ಹೊಸ ಥರ್ಮಾಮೀಟರನ್ನು ಕೂಸಿನ ಕಂಕುಳಲ್ಲಿ ಇಟ್ಟರು. ಅದು ಸದ್ದು ಮಾಡಿದ ಮೇಲೆ ತೆಗೆದು ನೋಡಿದರು. ಕೂಸಿನ ಪಾದವನ್ನು ತಮ್ಮ ಕೈಯ ಹಿಂಬದಿಯಿಂದ ಮುಟ್ಟಿದರು.

"ಸರಿಯಾಗಿದೆ. ಬೆಚ್ಚಗಿದ್ದಾಳೆ."

"ವಾಪಸು ಅಲ್ಲಿಗೆ ಹಾಕ್ಬೇಕಾ?"

"ಕೋಣೆ ಇನ್ನೂ ಗಾಳಿಯಾಡ್ಲಿ. ಅಲ್ಲೀವರ್ಗೂ ನಿನ್ನ ಹತ್ರಾನೇ ಇರ್ಲಿ. ಕೈ ನೋಯ್ತಿದ್ಯಾ?"

ಮಗಳು ಇಲ್ಲವೆಂದು ತಲೆಯಾಡಿಸಿದಳು. ಸುಳ್ಳು ಎಂದು ಮೂವರಿಗೂ ಗೊತ್ತಿತ್ತು.

ನಾನು ಓಣಿಗೆ ಬಂದು, ವಾರ್ಡಿನ ಬಾಗಿಲ ಎದುರಿನ ಬೆಂಚಿನ ಮೇಲೆ ಕುಳಿತೆ. ಆಚೆ ತುದಿಯಲ್ಲಿ ಆಯಾ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ತೆರೆದ ಬಾಗಿಲಿನಿಂದ ಮಗಳ ಶಾಲು ಮೆಲ್ಲಗೆ ಏರಿ ಇಳಿಯುವುದು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಓಣಿಯ ದೀಪ ಆರಿತು. ಅವತ್ತು ನಾವಿಬ್ಬರೂ ಕೈ ಬೀಸಲಿಲ್ಲ.