ಇಶಾಡಿನ ಮರ, ಹದಿನೆಂಟು ಸಾವಿರದ ಕಾರ್ಡು

ಆಗೆಲ್ಲ ನಮ್ಮ ಬೇಸಿಗೆ ರಜೆಗೆ ಒಂದೇ ವಾಸನೆ: ಅವರ್ಸಾದ ಅಜ್ಜಿಮನೆಯ ಅಟ್ಟದ ಮೇಲೆ ಹುಲ್ಲಿನ ನಡುವೆ ಹಣ್ಣಾಗುತ್ತಿದ್ದ ಕರಿ ಇಶಾಡು ಮಾವಿನದು. ಹಿತ್ತಲಲ್ಲಿದ್ದದ್ದು ಒಂದೇ ಮರ. ಅಜ್ಜಿ ಹಣ್ಣು ಮಾರುತ್ತಿರಲಿಲ್ಲ. ಕೇರಿಯ ಮನೆಮನೆಗೂ ಬುಟ್ಟಿ ಕಳಿಸುತ್ತಿದ್ದಳು. ಉಳಿದದ್ದನ್ನು ನಾವು ಮೊಣಕೈವರೆಗೆ ರಸ ಸುರಿಸಿಕೊಂಡು ತಿನ್ನುತ್ತಿದ್ದೆವು.

ನಾನು ಒಂಬತ್ತನೇ ತರಗತಿ ಮುಗಿಸಿದ ವರ್ಷ ನನಗೆ ಹಣ್ಣು ಬೇಕಿರಲಿಲ್ಲ, ಗ್ರಾಫಿಕ್ಸ್ ಕಾರ್ಡು ಬೇಕಿತ್ತು. ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದ ನಮ್ಮ ಕಂಪ್ಯೂಟರಿನಲ್ಲಿ ಹೊಸ ಆಟಗಳು ಓಡುತ್ತಿರಲಿಲ್ಲ. ಅಪ್ಪ ಎಂಟು ಸಾವಿರ ಕೊಡುತ್ತೇನೆಂದರು. ಅಷ್ಟರದ್ದೇ ಧಾರಾಳವಾಯಿತು ಎಂದು ಕಾರವಾರದ ಅಂಗಡಿಯವನೂ ಹೇಳಿದ. ಆದರೆ ನನ್ನ ಗೆಳತಿಯ ಮನೆಯಲ್ಲಿದ್ದದ್ದು ಹದಿನೆಂಟು ಸಾವಿರದ್ದು. ಅದರಲ್ಲಿ ಆಟದೊಳಗಿನ ಸಮುದ್ರದ ನೀರು ಫಳಫಳ ಹೊಳೆಯುತ್ತಿತ್ತು. ಅಜ್ಜಿಮನೆಯಿಂದ ಕೂಗಳತೆಯಲ್ಲಿ ನಿಜವಾದ ಸಮುದ್ರವೇ ಇತ್ತು, ಪುಕ್ಕಟೆ ನೋಡಬಹುದಿತ್ತು. ಅಷ್ಟು ಬುದ್ಧಿ ನನಗಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಪ್ಪ ಗದರಿದರು. ನಾನು ಅವರ್ಸಾಕ್ಕೆ ಹೋಗಿ ಅಜ್ಜಿಯ ಮುಂದೆ ಊಟ ಬಿಟ್ಟು ಕೂತೆ. ಈ ಸಲದ ಹಣ್ಣನ್ನೆಲ್ಲ ವ್ಯಾಪಾರಿಗೆ ಕೊಟ್ಟುಬಿಡು ಎಂಬ ಉಪಾಯವನ್ನೂ ನಾನೇ ಹೇಳಿಕೊಟ್ಟೆ.

"ಕೇಳ್ದವ್ರಿಗೆ ಎಂತ ಹೇಳೂದು ಮಗಾ?" ಎಂದಳು ಅಜ್ಜಿ.

"ಎಂತಾದ್ರೂ ಸುಳ್ಳು ಹೇಳು" ಎಂದೆ.

ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವ್ಯಾಪಾರಿ ಮರ ಬೋಳಿಸಿಕೊಂಡು ಹೋದ. ಕಾರ್ಡು ಬಂತು. ವಾರದ ಮೇಲೆ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ತವರಿಗೆ ಬರುವವಳಿದ್ದಳು. ಅಜ್ಜಿ ನನ್ನನ್ನು ಕರೆದುಕೊಂಡು ಅಂಕೋಲೆಗೆ ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರ ಬುಟ್ಟಿಯಿಟ್ಟು ಕೂತವಳ ಬಳಿ ಒಂದು ಡಜನ್ ಇಶಾಡು ಕೊಂಡಳು. ಹುಣಸೆಹಣ್ಣಿಗೂ ಚೌಕಾಸಿ ಮಾಡುತ್ತಿದ್ದವಳು ಅವತ್ತು ಕೇಳಿದಷ್ಟು ಕೊಟ್ಟಳು.

ದೊಡ್ಡತ್ತೆ ಒಂದು ಹೋಳು ತಿಂದು, "ಆಯಿ, ಇದು ನಮ್ಮ ಮರದ್ದಲ್ಲ ಅಲಾ?" ಎಂದಳು.

"ನಮ್ದೇಯ, ತಿನ್ನು" ಎಂದಳು ಅಜ್ಜಿ, ನನ್ನ ಕಡೆ ನೋಡದೆ. ನಾನು ತಲೆ ಬಗ್ಗಿಸಿ ಎರಡು ಹಣ್ಣು ತಿಂದೆ.

ಮೂರೇ ವರ್ಷಕ್ಕೆ ಆ ಕಾರ್ಡು ಯಾವ ಹೊಸ ಆಟಕ್ಕೂ ಸಾಲದಾಯಿತು. ಈಗ ಅಜ್ಜಿಯಿಲ್ಲ. ಮರ ಇನ್ನೂ ಕಾಯಿ ಬಿಡುತ್ತದೆ, ಪ್ರತಿ ವರ್ಷ ವ್ಯಾಪಾರಿಯೇ ಬಂದು ಇಳಿಸಿಕೊಂಡು ಹೋಗುತ್ತಾನೆ. ಕೇರಿಯಲ್ಲಿ ಯಾರೂ ನಮ್ಮ ಬುಟ್ಟಿಯ ದಾರಿ ಕಾಯುವುದಿಲ್ಲ. ಒಮ್ಮೆ ಮಾರಿದ ಮೇಲೆ ಮತ್ತೆ ಹಂಚುವುದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ. ಆ ರೂಢಿ ಹಾಕಿಕೊಟ್ಟವಳು ನಾನು. ಥೂ.