ತಾಲೀಮಿಗೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿದ್ದು

ಇದನ್ನು ಹೇಳುವುದನ್ನು ವರ್ಷಗಳಿಂದ ಮುಂದೂಡುತ್ತಲೇ ಬಂದಿದ್ದೇನೆ. ದೆಹಲಿಯ ನಮ್ಮ ಕನ್ನಡ ನಾಟಕ ತಂಡದ ನಟಿ ಕಳೆದ ತಿಂಗಳು ತೀರಿಕೊಂಡರು. ಸಲಿಂಗಿಗಳ ಹಕ್ಕಿಗಾಗಿ ಬಹುಕಾಲ ದುಡಿದವರು.

ಮೆಟ್ರೊ ಇನ್ನೂ ನಮ್ಮ ಕಡೆ ಬಂದಿರದ ದಿನಗಳವು. ನಾನು ನಿರ್ದೇಶಿಸುತ್ತಿದ್ದ ರಾಜ್ಯೋತ್ಸವದ ನಾಟಕದ ತಾಲೀಮು ಆರ್.ಕೆ.ಪುರಂನ ನನ್ನ ಕ್ವಾರ್ಟರ್ಸ್‌ನಲ್ಲೇ ನಡೆಯುತ್ತಿತ್ತು. ಎಲ್ಲರಿಗೂ ನಮ್ಮಲ್ಲೇ ಊಟ. ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಸಲಿಂಗಿಗಳ ಮೆರವಣಿಗೆಯ ಚಿತ್ರ ಬಂತು. ಈ ನಟಿಯ ಪಕ್ಕದಲ್ಲಿ 'ನಾನೂ ಸಲಿಂಗಿ' ಎಂಬ ಫಲಕ ಹಿಡಿದು ನಡೆಯುತ್ತಿದ್ದವನು ನನ್ನ ಮನೆಯಲ್ಲೇ ಇದ್ದ ನನ್ನ ತಮ್ಮ.

ಸಂಜೆ ಇಬ್ಬರೂ ಒಟ್ಟಿಗೆ ಬಂದರು. ಅವನು ಮೆಟ್ಟಿಲ ಬಳಿಯೇ ನಿಂತ.

"ನಿಮ್ಮ ಪಾತ್ರ ಬೇರೆಯವರಿಗೆ ಕೊಟ್ಟಾಯ್ತು" ಎಂದು ನಟಿಗೆ ಹೇಳಿದೆ.

"ಅಚ್ಛಾ! ಹಾಗಾದ್ರೆ ಸೀರೆ ನೀವೇ ಉಡ್ತೀರಾ ರಾಯರೇ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ನನ್ನದು ಬಿಡಿ. ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಒಳಗೆ ಕರೀರಿ" ಎಂದರು.

ನಾನು ಬಾಗಿಲು ಹಾಕಿಕೊಂಡೆ. ತಮ್ಮ ಘಾಜಿಯಾಬಾದ್‌ನಲ್ಲಿ ಕೋಣೆ ಹಿಡಿದ.

ಎಷ್ಟೋ ವರ್ಷಗಳ ನಂತರ ಹೆಂಡತಿ ತೀರಿಕೊಂಡ ಮೇಲೆ, ಮಾತಿಗೆ ಯಾರೂ ಇಲ್ಲದಾದಾಗ, ನಟಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಟೀ ಕೊಟ್ಟು, "ಅವನಿಗೆ ಫೋನ್ ಮಾಡಿದ್ರಾ?" ಎಂದರು.

ಕಳೆದ ತಿಂಗಳು ಅವರ ಸಾವಿನ ಸುದ್ದಿ ತಿಳಿಸಲಿಕ್ಕಾದರೂ ಅವನಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಾನು ಇಂದಿಗೂ ಕ್ಷಮೆ ಕೇಳದೆ ಉಳಿದಿರುವುದು ನನ್ನ ಬೆನ್ನಿಗೆ ಹುಟ್ಟಿದ ತಮ್ಮನಲ್ಲಿ.