ಹನ್ನೊಂದು ತಿಂಗಳು ಬಾಗಿಲು ಹಾಕಿದ ಆಟ

ನನ್ನ ಅಕ್ಕನ ಮಗಳು ನವ್ಯಾ ಹಟಮಾರಿ. ಇದನ್ನು ಹೊಗಳಿಕೆಯೆಂದೇ ತಿಳಿಯಿರಿ. ಮೂಡುಬಿದಿರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದವಳು, ಮೊಬೈಲಿಗೆ ಚೆನ್ನೆಮಣೆ ಆಟ ಮಾಡುತ್ತೇನೆಂದು ರಜೆ ಹಾಕಿ ನರಿಕೊಂಬಿನ ಮನೆಯಲ್ಲಿ ಕುಳಿತಳು. ಮುಂದಿನ ವರ್ಷದ ಜುಲೈವರೆಗೆ ಮಾತ್ರ ಹುದ್ದೆ ಕಾದಿರಿಸುತ್ತೇವೆ ಎಂದು ಕಾಲೇಜಿನವರು ಹೇಳಿದ್ದರು. ಅಷ್ಟರೊಳಗೆ ಆಟ ತನ್ನ ಕಾಲ ಮೇಲೆ ನಿಲ್ಲಬೇಕು, ಇಲ್ಲವೇ ಇವಳು ತರಗತಿಗೆ ಮರಳಬೇಕು.

ಆಟ ಚೆನ್ನಾಗಿಯೇ ಬಂತು. ಎರಡು ಸಾಲು ಗುಳಿ, ಕೆಂಪು ಕಾಳು, ಕಾಳು ಬಿದ್ದಾಗ ಟಕ್ಕೆನ್ನುವ ಮರದ ಸದ್ದು. ಆ ಸದ್ದನ್ನು ಮನೆಯ ಹಳೆಯ ಮಣೆಯಿಂದಲೇ ಹಿಡಿದದ್ದು. ಜುಲೈ ನಡುವೆ ಶುರುವಾಗುವ ತುಳುವರ ಆಟಿ ತಿಂಗಳಲ್ಲಿ ಬಿಡುಗಡೆಯಾಯಿತು. ಬಂಟ್ವಾಳದ ಅತ್ತೆಯರು ಕುವೈತಿನ ಸೊಸೆಯರೊಡನೆ ಆಡಿದರು. ಫರಂಗಿಪೇಟೆಯ ನನ್ನ ಅಂಗಡಿಯ ಗಿರಾಕಿಗಳೂ ಆಡಿದರು. ಅದೇ ಹೊತ್ತಿಗೆ ದೊಡ್ಡದೊಂದು ಕಂಪೆನಿಯೂ ಚೆನ್ನೆ ಆಟ ಇಳಿಸಿತು: ಚಿನ್ನದ ಮಣೆ, ಬಹುಮಾನ, ಗೆದ್ದಾಗ ಕುಣಿಯುವ ನವಿಲು. ನವಿಲಿಗೂ ಚೆನ್ನೆಗೂ ಏನು ಸಂಬಂಧವೋ ಅವರೇ ಹೇಳಬೇಕು.

ಆಗಸ್ಟ್ ನಡುವೆ ಒಂದು ಬೆಳಿಗ್ಗೆ ನವ್ಯಾಳ ಆಟ ಖಾಲಿ. ಆಡುವವರೇ ಇಲ್ಲ. ಎಲ್ಲರೂ ನವಿಲಿನ ಹಿಂದೆ ಹೋದರೆಂದು ಅವಳಿಗೆ ಗಾಬರಿ. ನಾನು ಹೋದಾಗ ತಿಂಡಿಯನ್ನೂ ಮುಟ್ಟದೆ ಕೀಬೋರ್ಡು ಕುಟ್ಟುತ್ತಿದ್ದಳು.

"ಅಮ್ಮ, ಒಂದು ಆಟ ಆಡುವ. ಎಲ್ಲಿ ತಪ್ಪುಂಟು ಅಂತ ನೋಡ್ತೇನೆ," ಎಂದು ಫೋನು ಚಾಚಿದಳು.

ನನ್ನ ಅಕ್ಕ ಶಶಿಪ್ರಭಾ ಕೈಯನ್ನೇ ಹಿಂದೆಳೆದುಕೊಂಡಳು. "ನಿನಗೆ ಮಂಡೆ ಸಮ ಉಂಟಾ? ನಿನ್ನೆಗೆ ಆಟಿ ಮುಗಿಯಿತು. ಸೋಣದಲ್ಲಿ ಯಾರಾದ್ರೂ ಚೆನ್ನೆ ಆಡ್ತಾರಾ?"

ಆಟಿ ಮುಗಿದೊಡನೆ ಚೆನ್ನೆಮಣೆಯನ್ನು ಅಟ್ಟಕ್ಕೇರಿಸುವುದು ನಮ್ಮಲ್ಲಿನ ಕ್ರಮ. ಬೇರೆ ತಿಂಗಳಲ್ಲಿ ಆಡಿದರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ನರಿಕೊಂಬಿನಲ್ಲೇ ಹುಟ್ಟಿ ಬೆಳೆದವಳು ಅದನ್ನು ಮರೆತು ಕಂಪ್ಯೂಟರಿನಲ್ಲಿ ತಪ್ಪು ಹುಡುಕುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಫೋನನ್ನು ಮೇಜಿನ ಮೇಲೆ ಕವುಚಿಟ್ಟು, "ಹಾಗಾದ್ರೆ ನಾನೂ ಮಣೆಯನ್ನು ಅಟ್ಟಕ್ಕೆ ಇಡ್ತೇನೆ," ಎಂದಳು.

ಹೇಳಿದ್ದನ್ನು ಮಾಡಿಯೇಬಿಟ್ಟಳು. ಆಟ ತೆರೆದರೆ ಬರೀ ಒಂದು ಸಾಲು: ಬರುವ ಆಟಿಗೆ ಬನ್ನಿ.

"ಹನ್ನೊಂದು ತಿಂಗಳು ಬಾಗಿಲು ಹಾಕಿದ್ರೆ ಜನ ಮರೆಯುವುದಿಲ್ವಾ ಮಾರಾಯ್ತಿ?" ಎಂದು ರೇಗಿದೆ.

"ಮಾವ, ಆ ಕಂಪೆನಿಗೆ ಬಾಗಿಲು ಹಾಕ್ಲಿಕ್ಕೆ ಆಗುವುದಿಲ್ಲ. ಅಷ್ಟು ಜನರಿಗೆ ಸಂಬಳ ಕೊಡಬೇಕು, ದಿನಾ ಆಡಿಸ್ಲೇಬೇಕು. ನನಗೆ ಆಗ್ತದೆ. ನಾನೊಬ್ಬಳೇ ಅಲ್ವಾ?"

ಆ ವರ್ಷವಿಡೀ ಕಂಪೆನಿಯ ನವಿಲು ಹೊತ್ತುಗೊತ್ತಿಲ್ಲದೆ ಫೋನಿನಲ್ಲಿ ಕೂಗಿ ಕರೆಯಿತು. ಪಿರಿಪಿರಿಯಾಗಿ ನಾನೇ ಅಳಿಸಿ ಹಾಕಿದೆ. ನವ್ಯಾ ಬೆಳ್ತಂಗಡಿ ಕಡೆಯ ಮನೆಗಳಿಗೆ ಹೋಗಿ, ಅಲ್ಲಿಯ ಹೆಂಗಸರು ಆಡುವ ಬೇರೆ ಬೇರೆ ಬಗೆಗಳನ್ನು ಕಲಿತು ಆಟಕ್ಕೆ ಸೇರಿಸಿದಳು. ಒಮ್ಮೆಯೂ ಅವಳ ಮುಖದಲ್ಲಿ ಅಳುಕು ಕಾಣಲಿಲ್ಲ. ಹೆದರಿದ್ದು ನಾನು.

ಆಟಿಯ ಮೊದಲ ದಿನ ಬೆಳಿಗ್ಗೆ ಬಾಗಿಲು ತೆರೆದಳು. ತಿಂಡಿ ಮುಗಿಯುವ ಮೊದಲೇ ಕಾಲೇಜಿನ ಪ್ರಾಂಶುಪಾಲರ ಫೋನು ಬಂತು. ಹುದ್ದೆಯ ತೀರ್ಮಾನಕ್ಕೇ ಇರಬೇಕೆಂದು ನಾನು ತಟ್ಟೆ ಬಿಟ್ಟು ಹತ್ತಿರ ಬಂದೆ. ನವ್ಯಾ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

"ನವ್ಯಾ, ಕೆಲಸದ ವಿಷಯ ಮತ್ತೆ ಮಾತಾಡುವ," ಎಂದರು ಅವರು. "ನನ್ನ ತಾಯಿ ಬೆಳಿಗ್ಗೆಯಿಂದ ಫೋನು ಹಿಡ್ಕೊಂಡು ಕೂತಿದ್ದಾರೆ. ನಿಮ್ಮ ಆಟ ಒಳಗೇ ಬಿಡುವುದಿಲ್ವಂತೆ. ಅಷ್ಟು ರಶ್ಶುಂಟಾ?"

"ಉಂಟು ಸರ್," ಎಂದಳು ನವ್ಯಾ. "ನಿಮ್ಮ ಅಮ್ಮನಿಗೆ ಅರ್ಧ ಗಂಟೆ ಕಾಯ್ಲಿಕ್ಕೆ ಹೇಳಿ, ಸರಿ ಮಾಡ್ತೇನೆ. ಹುದ್ದೆಯನ್ನು ಬೇರೆಯವರಿಗೆ ಕೊಡಿ."